ಬೆಳಿಗ್ಗೆ ಹಾಕಿದ ನೀರು

ಪೂರ್ವದ ಮಷೀನ್ ಮನೆಯ ಬ್ಯಾಟರಿ ಮೊದಲ ಸಲ ಕೈಕೊಟ್ಟಾಗಲೇ ನನಗೆ ಅದನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿನ ಮೇಲೆ ಅನುಮಾನ ಬಂದಿತ್ತು. ಹೊಸ ಬ್ಯಾಟರಿ. ನಾನೇ ಕೂರಿಸಿ ಏಳು ತಿಂಗಳೂ ಆಗಿರಲಿಲ್ಲ. ನಾಲ್ಕೈದು ವರ್ಷ ಬಾಳಬೇಕಾದದ್ದು.

ನನ್ನ ಅಂಗಡಿ ಇರುವುದು ಹುಣಸೂರಿನಲ್ಲಿ, ಮನೆ ಕಟ್ಟೆಮಳಲವಾಡಿ. ಇನ್ವರ್ಟರ್, ಸೋಲಾರ್, ಬ್ಯಾಟರಿ, ಈ ಮೂರೇ ನನ್ನ ಕೆಲಸ. ನಾನು ಹೇಳುತ್ತಿರುವ ಹಳ್ಳಿ ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನದು. ಅಲ್ಲಿಯ ರೈತರು ಸಂಘ ಮಾಡಿಕೊಂಡು, ಆನೆ ಹೊಲಕ್ಕೆ ಇಳಿಯದ ಹಾಗೆ ಕಾಡಿನ ಪಕ್ಕಕ್ಕೆ ತಂತಿ ಬೇಲಿ ಹಾಕಿಸಿದ್ದರು. ಬೇಲಿಯ ಎರಡು ತುದಿಗೆ ಎರಡು ಪುಟ್ಟ ಇಟ್ಟಿಗೆ ಕೋಣೆ. ಅವನ್ನೇ ಅಲ್ಲಿ ಮಷೀನ್ ಮನೆ ಅನ್ನುತ್ತಾರೆ. ಚಾವಣಿ ಮೇಲೆ ಸೋಲಾರ್ ಪ್ಯಾನಲ್, ಒಳಗೆ ಒಂದು ಟ್ಯೂಬ್ಯುಲರ್ ಬ್ಯಾಟರಿ, ಗೋಡೆಗೆ ಮಷೀನು. ಮಷೀನು ಸೆಕೆಂಡಿಗೊಂದು ಸಲ ಟಿಕ್ ಅನ್ನುತ್ತದೆ, ಪ್ರತಿ ಟಿಕ್ಕಿಗೂ ಒಂದು ಸಲ ತಂತಿಗೆ ಶಾಕ್ ಹೋಗುತ್ತದೆ. ಆನೆ ಸಾಯುವುದಿಲ್ಲ, ಹೆದರಿ ಹಿಂದಕ್ಕೆ ಹೋಗುತ್ತದೆ. ಹಗಲು ಬಿಸಿಲಿನಿಂದ ಬ್ಯಾಟರಿ ತುಂಬಿಕೊಳ್ಳಬೇಕು, ರಾತ್ರಿಯಿಡೀ ನಿಧಾನವಾಗಿ ಖಾಲಿಯಾಗಬೇಕು. ಕಾರಿನ ಬ್ಯಾಟರಿಯ ಕೈಲಿ ಈ ಕೆಲಸ ಆಗುವುದಿಲ್ಲ, ಇದಕ್ಕೇ ಬೇರೆ ಜಾತಿ.

ದೀಪಾವಳಿ ಕಳೆದ ಮೇಲೆ ಎರಡೂ ಕಡೆ ಒಂದೇ ಕಂಪನಿಯ, ಒಂದೇ ದಿನ ತಂದ ಬ್ಯಾಟರಿ ಇಟ್ಟೆ. ಪಶ್ಚಿಮದ ಕೋಣೆಯ ಕೀ ಸಂಘದ ಅಧ್ಯಕ್ಷರ ದಾಯಾದಿಯೊಬ್ಬನ ಕೈಲಿ. ಪೂರ್ವದ್ದು ಶುಂಠಿ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ ಹೆಂಗಸಿನ ಕೈಲಿ. ವಯಸ್ಸು ನಲವತ್ತೈದರ ಆಸುಪಾಸು. ಅವಳ ಮನೆ ಆ ಕೋಣೆಗೆ ಹತ್ತಿರ ಅನ್ನುವ ಕಾರಣಕ್ಕೆ ಅವಳಿಗೆ ಆ ಕೆಲಸ ಕೊಟ್ಟಿದ್ದರು. ಇಬ್ಬರನ್ನೂ ನಿಲ್ಲಿಸಿಕೊಂಡು ನಾನು ಹೇಳಿಕೊಟ್ಟದ್ದು ಎರಡೇ ಮಾತು. ಬ್ಯಾಟರಿ ಮೇಲೆ ಧೂಳು, ತೇವ ಇರಬಾರದು, ಒರೆಸುತ್ತಿರಿ. ಪ್ರತಿ ಸೋಮವಾರ ಬೆಳಿಗ್ಗೆ ಆರೂ ಮುಚ್ಚಳ ತೆಗೆದು ನೋಡಿ, ನೀರು ಕಮ್ಮಿ ಇದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ ಫುಲ್ ಮಾಡಿ. ಇಬ್ಬರಿಗೂ ಒಂದೊಂದು ಕ್ಯಾನ್ ನೀರು ಕೊಟ್ಟು ಬಂದೆ.

ಜೂನ್ ಮೊದಲ ವಾರದ ಒಂದು ಸೋಮವಾರ ಅಧ್ಯಕ್ಷರು ಫೋನ್ ಮಾಡಿದರು. ಪೂರ್ವದ ಮಷೀನು ಬೆಳಗಿನ ಹೊತ್ತಿಗೆ ಟಿಕ್ ಅನ್ನುವುದನ್ನು ನಿಲ್ಲಿಸಿದೆ ಅಂದರು. ನಾನು ಹೋಗಿ ತಲುಪಿದಾಗ ಹನ್ನೊಂದು ಗಂಟೆ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಹಸಿರು ಬೂಷ್ಟು ಕಟ್ಟಿತ್ತು. ಕಬ್ಬಿಣದ ಸ್ಟ್ಯಾಂಡು ತುಕ್ಕು ಹಿಡಿದಿತ್ತು. ಕೆಳಗಿನ ಸಿಮೆಂಟು ನೆಲ ಬೆಳ್ಳಗೆ ಪುಡಿ ಎದ್ದಿತ್ತು. ಹೈಡ್ರೋಮೀಟರ್ ತೆಗೆದೆ. ಗಾಜಿನ ಕೊಳವೆ, ತುದಿಗೆ ರಬ್ಬರ್ ಬುಡ್ಡಿ. ಒತ್ತಿ ಬಿಟ್ಟರೆ ಒಳಗಿನ ಆಸಿಡ್ ಮೇಲಕ್ಕೆ ಬರುತ್ತದೆ, ಅದು ಎಷ್ಟು ಗಟ್ಟಿ ಇದೆ ಅಂತ ತೇಲುವ ಕಡ್ಡಿ ಹೇಳುತ್ತದೆ. ತುಂಬಿದ ಬ್ಯಾಟರಿಯಲ್ಲಿ ಸಾವಿರದ ಇನ್ನೂರ ನಲವತ್ತು ತೋರಿಸಬೇಕು. ಆರೂ ಸೆಲ್‌ನಲ್ಲಿ ಸಾವಿರದ ನೂರ ಮೂವತ್ತು ತೋರಿಸಿತು.

"ನೀರು ಯಾವಾಗ ಹಾಕಿದ್ರಿ ಅಕ್ಕ?"

"ಬೆಳಿಗ್ಗೇನೇ ಕಣಣ್ಣ. ಸೋಮವಾರ ಅಲ್ವಾ. ನೀವು ಯೋಳ್ದಂಗೆ ಫುಲ್ ಮಾಡಿವ್ನಿ. ನೀರು ಮುಗ್ದೋಯ್ತಾ ಬಂತು, ಇನ್ನೊಂದ್ ಕ್ಯಾನ್ ತಂದ್ಕೊಡಿ."

ಅದು ಅವಳು ಕೇಳಿದ ಮೂರನೇ ಕ್ಯಾನು. ಅಲ್ಲಿಂದ ಪಶ್ಚಿಮದ ಕೋಣೆಗೆ ಹೋದೆ. ಅಲ್ಲಿ ಜೇಡರ ಬಲೆ, ಧೂಳು. ನಾನು ಕೊಟ್ಟ ಮೊದಲ ಕ್ಯಾನಿನ ಮುಚ್ಚಳದ ಸೀಲು ಕೂಡ ಒಡೆದಿರಲಿಲ್ಲ. ಬ್ಯಾಟರಿ ಅಳೆದೆ. ಸಾವಿರದ ಇನ್ನೂರ ಮೂವತ್ತೈದು. ದ್ರವ ಸ್ವಲ್ಪ ಇಳಿದಿತ್ತು, ಆದರೆ ಒಳಗಿನ ಸೀಸದ ಪ್ಲೇಟುಗಳು ಮುಳುಗುವಷ್ಟು ಇತ್ತು. ನನ್ನ ಚೀಲದಲ್ಲಿದ್ದ ಬಾಟಲಿಯಿಂದ ನಾನೇ ಅಷ್ಟಿಷ್ಟು ನೀರು ಹಾಕಿ ಮುಚ್ಚಿದೆ.

ಒಂದೇ ಬೇಲಿ, ಒಂದೇ ಬಿಸಿಲು, ಒಂದೇ ಬ್ಯಾಟರಿ. ಅಲ್ಲಿ ಆಸಿಡ್ ಇದೆ, ಇಲ್ಲಿ ಇಲ್ಲ. ಒಂದು ಸೆಲ್ ಮಾತ್ರ ಸತ್ತಿದ್ದರೆ ಕಂಪನಿಯ ತಪ್ಪು ಅನ್ನಬಹುದಿತ್ತು. ಆರೂ ಸೆಲ್ ಸಮನಾಗಿ ತೆಳ್ಳಗಾಗಿವೆ ಅಂದರೆ ಯಾರೋ ಆಸಿಡ್ ಹೀರಿ ತೆಗೆದು ಆ ಜಾಗಕ್ಕೆ ನೀರು ತುಂಬಿದ್ದಾರೆ ಅಂತ ನನ್ನ ಲೆಕ್ಕ. ಅಧ್ಯಕ್ಷರ ಕಿವಿಗೆ ಇಷ್ಟು ಹಾಕಿದೆ. ಅವರು ತಕ್ಷಣ ಅಂದರು:

"ಅವ್ಳ ತಮ್ಮ ಗೂಡ್ಸ್ ಆಟೋ ಮಡಗವ್ನೆ ಕಣಪ್ಪ. ಅವ್ನ ಬ್ಯಾಟ್ರಿ ಹಳೇದು. ಇಲ್ಲಿಂದ ಎತ್ತಿ ಅಲ್ಲಿಗೆ ಉಯ್ತಾವ್ರಾ ನೋಡು."

ಕೆಟ್ಟ ಬ್ಯಾಟರಿಗೆ ಆಸಿಡ್ ಸುರಿದು ಜೀವ ಬರಿಸಬಹುದು ಅಂತ ನಂಬುವ ಜನ ನಮ್ಮ ಕಡೆ ಇದ್ದಾರೆ. ಮಾತು ಸರಿ ಅನ್ನಿಸಿತು.

ಸದ್ಯಕ್ಕೆ ಅಂತ ಜೊತೆಗೆ ತಂದಿದ್ದ ಬದಲಿ ಬ್ಯಾಟರಿ ಅಲ್ಲಿಟ್ಟು, ಪೂರ್ವದ ಬ್ಯಾಟರಿಯನ್ನು ಬೈಕಿಗೆ ಕಟ್ಟಿಕೊಂಡು ಅಂಗಡಿಗೆ ತಂದೆ. ಟರ್ಮಿನಲ್ ಉಜ್ಜಿ, ನಿಧಾನದ ಚಾರ್ಜಿಗೆ ಎರಡು ದಿನ ಇಟ್ಟೆ. ಸಾವಿರದ ನೂರ ಎಪ್ಪತ್ತಕ್ಕೆ ಬಂದು ನಿಂತಿತು. ಎಷ್ಟು ಹೊತ್ತು ಬಿಟ್ಟರೂ ಅದರಿಂದ ಮೇಲಕ್ಕೆ ಹೋಗಲಿಲ್ಲ. ಅಲ್ಲಿ ನೂರ ಮೂವತ್ತು, ಇಲ್ಲಿ ನೂರ ಎಪ್ಪತ್ತು ಯಾಕೆ ಅಂತ ನಾನು ಒಂದು ನಿಮಿಷ ನಿಂತು ಯೋಚಿಸಬೇಕಿತ್ತು. ಅವಳು ಬೆಳಿಗ್ಗೆ ಹಾಕಿದ ನೀರು ಇನ್ನೂ ಬೆರೆಯದೆ ಮೇಲೇ ನಿಂತಿತ್ತು, ನನ್ನ ಕೊಳವೆ ಆ ನೀರನ್ನೇ ಎಳೆದುಕೊಂಡಿತ್ತು. ನೀರು ಹಾಕಿದ ಮೇಲೆ ಚಾರ್ಜ್ ಮಾಡದೆ ಅಳೆಯಬಾರದು ಅನ್ನುವುದು ಈ ಕೆಲಸದ ಮೊದಲ ಪಾಠ. ಆ ದಿನ ಕಳ್ಳನನ್ನು ಹಿಡಿಯುವ ಆತುರದಲ್ಲಿ ನಾನು ಪಾಠ ಮರೆತಿದ್ದೆ.

ಬ್ಯಾಟರಿ ವಾಪಸ್ ಇಡುವಾಗ ಒಂದು ಉಪಾಯ ಮಾಡಿದೆ. ಹೆಂಡತಿಯ ಉಗುರುಬಣ್ಣದ ಸೀಸೆ ತಂದಿದ್ದೆ. ಆರೂ ಮುಚ್ಚಳಕ್ಕೂ ಬ್ಯಾಟರಿಗೂ ಸೇರುವ ಹಾಗೆ ಕಾಣಿಸದಷ್ಟು ಸಣ್ಣ ಗೆರೆ ಎಳೆದೆ. ಯಾರು ತೆಗೆದರೂ ಗೆರೆ ಒಡೆಯುತ್ತದೆ. ಅದು ಶನಿವಾರ. ಮಂಗಳವಾರ ಯಾವುದೋ ನೆಪ ಹೇಳಿಕೊಂಡು ಹೋಗಿ ನೋಡಿದೆ. ಆರೂ ಗೆರೆ ಒಡೆದಿದ್ದವು. ನಡುವೆ ಸೋಮವಾರ ಬಂದು ಹೋಗಿದೆ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಬೇಡ ಅಂತ ತಳ್ಳಿರುತ್ತಿದ್ದೆನೋ ಏನೋ. ಅವಳು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಸೆರಗಿನ ತುದಿ, ನೆರಿಗೆಯ ಅಂಚು ಎಲ್ಲ ಸಣ್ಣ ಸಣ್ಣ ತೂತು, ಸುತ್ತ ಕಂದು ಬಣ್ಣ. ಆಸಿಡ್ ಬಿದ್ದ ಬಟ್ಟೆ ಹಾಗೇ ಆಗುತ್ತದೆ. ನನ್ನ ಎಲ್ಲ ಪ್ಯಾಂಟೂ ಹಾಗೇ ಇವೆ.

"ಸೀರೆಗೇನಾಯ್ತು ಅಕ್ಕ?"

ಅವಳು ಸೆರಗನ್ನು ಹಿಂದಕ್ಕೆ ಸುತ್ತಿಕೊಂಡಳು. "ಹಳೇದು ಬುಡಿ" ಅಂದಳು.

ಆ ಹಿಂದಕ್ಕೆ ಸುತ್ತಿಕೊಂಡದ್ದೇ ನನಗೆ ಸಾಕಾಯಿತು.

ಜುಲೈನಲ್ಲಿ ಒಂಬತ್ತು ದಿನ ಮೋಡ ಕವಿದು ಬಿಸಿಲೇ ಬರಲಿಲ್ಲ. ತೆಳ್ಳಗಾಗಿದ್ದ ಬ್ಯಾಟರಿಗೆ ಅದು ತಡೆಯಲಿಲ್ಲ. ಹತ್ತನೇ ದಿನದ ಬೆಳಗಿಗೆ ಪೂರ್ವದ ಮಷೀನು ನಿಂತಿತ್ತು. ಮೂರು ಆನೆ ತಂತಿ ತುಳಿದುಕೊಂಡು ಒಳಗೆ ಬಂದು, ತೆನೆ ಕಟ್ಟಿದ ಮುಸುಕಿನ ಜೋಳದ ಹೊಲ ಮುಗಿಸಿ ವಾಪಸ್ ಹೊರಟಿದ್ದವು. ಹಾಲು ಹಾಕಲು ಡೇರಿಗೆ ಹೊರಟಿದ್ದ ರೈತರೊಬ್ಬರಿಗೆ ತಿರುವಿನಲ್ಲಿ ಎದುರಾದವು. ಆನೆ ಅವರನ್ನು ಮುಟ್ಟಲಿಲ್ಲ. ಓಡುವಾಗ ಅವರು ಕಾಲುವೆಗೆ ಬಿದ್ದು ತೊಡೆ ಮೂಳೆ ಮುರಿದುಕೊಂಡರು.

ನಾನು ಹೋದಾಗ ಕೋಣೆ ಮುಂದೆ ಮೂವತ್ತು ನಲವತ್ತು ಜನ ಸೇರಿದ್ದರು. ಅಧ್ಯಕ್ಷರು ಎಲ್ಲರ ಎದುರಿಗೇ ಕೇಳಿದರು.

"ನೀನು ಮೆಕ್ಯಾನಿಕ್ಕು. ಇದ್ದದ್ದ್ ಇದ್ದಂಗೆ ಯೋಳು. ಬ್ಯಾಟ್ರಿ ಯಾಕ್ ಇಂಗಾಯ್ತು?"

ನಾನು ಹೇಳಿದೆ. ಆಸಿಡ್ ಹೋಗಿದೆ, ತಾನಾಗಿ ಹೋಗಲ್ಲ, ಮುಚ್ಚಳ ತೆಗೆದಿರುವುದಕ್ಕೆ ಗುರುತು ಇದೆ ಅಂದೆ. ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ, ಕೀ ಇದ್ದದ್ದು ಒಬ್ಬಳ ಹತ್ತಿರವೇ. ಅವಳು ಜನರ ಹಿಂದೆ ನಿಂತಿದ್ದವಳು ಮುಂದಕ್ಕೆ ಬಂದಳು.

"ಅಣ್ಣ, ನೀವ್ ಯೋಳ್ದಂಗೇ ತಾನೆ ನಾನ್ ಮಾಡಿದ್ದು? ಒಂದ್ ಸೋಮವಾರ ತಪ್ಸಿವ್ನಾ?"

ನಾನು ಮಲ್ಟಿಮೀಟರಿನ ವೈರು ಸುತ್ತುತ್ತಾ ನಿಂತೆ. ಅವಳು ಸೊಂಟದಿಂದ ಕೀ ಬಿಚ್ಚಿ ಕಟ್ಟೆ ಮೇಲೆ ಇಟ್ಟು ಹೊರಟುಹೋದಳು. ಕೀಯನ್ನು ಅಧ್ಯಕ್ಷರ ದಾಯಾದಿಗೇ ಕೊಟ್ಟರು. ಎರಡೂ ಕೋಣೆ ಈಗ ಅವನದೇ. ನಾನು ಹೊಸ ಬ್ಯಾಟರಿ ಕೂರಿಸಿ, ಹಳೆಯದನ್ನು ಅಂಗಡಿಗೆ ತಂದು ಮೂಲೆಗೆ ತಳ್ಳಿದೆ. ಹೊಸದು ಆಗಸ್ಟಿನ ಮಳೆಯಲ್ಲೂ ಚೆನ್ನಾಗಿ ಓಡಿತು. ಕಳ್ಳಿ ಹೋದಳು, ಬ್ಯಾಟರಿ ಉಳಿಯಿತು ಅಂತ ಊರಲ್ಲಿ ಮಾತಾಯಿತು. ನಾನೂ ಹಾಗೇ ಅಂದುಕೊಂಡೆ.

ಸೆಪ್ಟೆಂಬರಿನಲ್ಲಿ ಪಿರಿಯಾಪಟ್ಟಣದ ಒಬ್ಬ ಟೈಲರ್ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದರು. ಹೊಲಿಗೆ ಮಷೀನುಗಳಿಗೆ ಅಂತ ಅವರ ಅಂಗಡಿಗೆ ನಾನೇ ಇನ್ವರ್ಟರ್ ಹಾಕಿಕೊಟ್ಟಿದ್ದೆ. ಹೋಗಿ ನೋಡಿದರೆ ಬ್ಯಾಟರಿ ಪಕ್ಕದ ಹಲಗೆಯ ಮೇಲೆ ಗಿರಾಕಿಗಳ ರವಿಕೆ ಬಟ್ಟೆ ಜೋಡಿಸಿದ್ದರು. ಕೆಳಗಿನ ಸಾಲಿನ ಬಟ್ಟೆಯೆಲ್ಲ ತೂತು. ಸಣ್ಣ ಸಣ್ಣ ತೂತು, ಸುತ್ತ ಕಂದು.

"ಯಾರಾದ್ರೂ ಬ್ಯಾಟರಿ ಮುಟ್ಟಿದ್ರಾ?" ಎಂದಿನ ಹಾಗೆ ಅದನ್ನೇ ಮೊದಲು ಕೇಳಿದೆ.

"ನಾನೇ ಮುಟ್ಟಿದ್ದು ಕಣ್ರೀ. ನೀವು ಹೇಳ್ದಂಗೆ ಬೆಳಿಗ್ಗೆ ಎದ್ದು ನೀರು ಫುಲ್ ಮಾಡ್ದೆ. ನಿನ್ನೆ ರಾತ್ರಿಯೆಲ್ಲ ಕರೆಂಟ್ ಇರ್ಲಿಲ್ಲ, ಬ್ಯಾಟರಿ ಇಳ್ದೋಗಿತ್ತು. ಒಂಬತ್ತು ಗಂಟೆಗೆ ಕರೆಂಟ್ ಬಂತು, ಚಾರ್ಜ್ ಆಗೋಕೆ ಶುರುವಾಯ್ತು. ಇಲ್ನೋಡಿ, ಈಗ್ಲೂ ಬತ್ತಾ ಇದೆ."

ಬಗ್ಗಿ ನೋಡಿದೆ. ಮುಚ್ಚಳಗಳ ಸಂದಿಯಿಂದ ಗುಳ್ಳೆ ಗುಳ್ಳೆಯಾಗಿ ಆಸಿಡ್ ಮೇಲಕ್ಕೆ ಬಂದು, ಬ್ಯಾಟರಿಯ ಬದಿಯಲ್ಲಿ ಇಳಿದು ಹಲಗೆಯ ಕಡೆಗೆ ಹರಿಯುತ್ತಿತ್ತು.

ನನಗೆ ಗೊತ್ತಿರದ ವಿಷಯವೇನೂ ಅಲ್ಲ ಅದು. ಬ್ಯಾಟರಿ ಖಾಲಿಯಾದಾಗ ಒಳಗಿನ ದ್ರವ ತಗ್ಗುತ್ತದೆ. ಚಾರ್ಜ್ ಆಗುತ್ತಾ ಏರುತ್ತದೆ, ಕೊನೆಗೆ ಗುಳ್ಳೆ ಏಳುತ್ತದೆ, ಒಲೆ ಮೇಲಿನ ಹಾಲಿನ ಹಾಗೆ. ಖಾಲಿಯಾಗಿರುವಾಗಲೇ ಬಾಯಿಮಟ್ಟ ತುಂಬಿಸಿಬಿಟ್ಟರೆ ಅದಕ್ಕೆ ಏರಲು ಜಾಗ ಇರುವುದಿಲ್ಲ, ಹೊರಗೆ ಬರುತ್ತದೆ. ಹೊರಗೆ ಬರುವುದು ಬರಿ ನೀರಲ್ಲ, ಆಸಿಡ್. ಮುಂದಿನ ವಾರ ಆ ಕೊರತೆಗೆ ಮತ್ತೆ ನೀರು. ಅದಕ್ಕೇ ಮೊದಲು ಚಾರ್ಜ್, ಆಮೇಲೆ ನೀರು, ಅದೂ ಮುಚ್ಚಳ ಕೂರುವ ಕುತ್ತಿಗೆಯಿಂದ ಒಂದು ಬೆರಳು ಕೆಳಗೆ. ಪ್ಲೇಟು ಗಾಳಿಗೆ ಬಿದ್ದಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಬಹುದು. ಬಿಳಿಕೆರೆಯ ನನ್ನ ಗುರುಗಳು ಇದನ್ನು ನನಗೆ ಕಪಾಳಕ್ಕೆ ಒಂದು ಕೊಟ್ಟು ಕಲಿಸಿದ್ದರು. ಅಂಗಡಿಯಲ್ಲಿ ನಾನು ಯಾವತ್ತೂ ಹಾಗೇ ಮಾಡುವುದು. ಆದರೆ ಗಿರಾಕಿಗಳಿಗೆ ಇಷ್ಟೆಲ್ಲ ಬಿಡಿಸಿ ಹೇಳಲು ಬೇಜಾರು. ಕೂಲಿಗೆ ಹೋಗುವವರು ಮಧ್ಯಾಹ್ನ ಎಲ್ಲಿ ಮನೆಯಲ್ಲಿರುತ್ತಾರೆ ಅಂತ, ಸುಲಭವಾಗಲಿ ಅಂತ, "ಬೆಳಿಗ್ಗೆ ಫುಲ್ ಮಾಡಿ" ಅಂದುಬಿಡುತ್ತಿದ್ದೆ.

ಟೈಲರ್ ಇನ್ನೂ ಬೈಯುತ್ತಿದ್ದರು. ನಾನು ಒಂದು ರವಿಕೆ ಬಟ್ಟೆ ಕೈಲಿ ಹಿಡಿದುಕೊಂಡು ನಿಂತಿದ್ದೆ. ಬಾಗಿಲಲ್ಲಿ ನಿಂತು ಸೆರಗು ಹಿಂದಕ್ಕೆ ಸುತ್ತಿಕೊಂಡ ಆ ಹೆಂಗಸು ಕಣ್ಣ ಮುಂದೆ ಬಂದಳು. ಒರೆಸುತ್ತಿರಿ ಅಂದಿದ್ದೆ, ಒರೆಸಿದ್ದಾಳೆ. ಸೋಮವಾರ ಬೆಳಿಗ್ಗೆ ಅಂದಿದ್ದೆ, ಸೋಮವಾರ ಬೆಳಿಗ್ಗೆ ಹಾಕಿದ್ದಾಳೆ. ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದ ಇನ್ನೊಬ್ಬನ ಬ್ಯಾಟರಿ ಚೆನ್ನಾಗಿತ್ತು.

ಅಂಗಡಿಗೆ ಬಂದು ಮೂಲೆಯ ಬ್ಯಾಟರಿಯನ್ನು ಎಳೆದೆ. ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ. ಸತ್ಯ ಹೇಳಬೇಕೆಂದರೆ, ಅವಳೇ ಕದ್ದಿರಲಿ ಅಂತ ಮನಸ್ಸಿನ ಒಂದು ಮೂಲೆ ಬೇಡುತ್ತಿತ್ತು. ಬಲ್ಬ್ ಉರಿಸಿ ಬ್ಯಾಟರಿ ಖಾಲಿ ಮಾಡಿದೆ, ಬೆಳಿಗ್ಗೆ ಬಾಯಿಮಟ್ಟ ನೀರು ತುಂಬಿದೆ, ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂರಿಸಿ ಚಾರ್ಜಿಗೆ ಹಾಕಿದೆ. ಸಂಜೆ ತಟ್ಟೆಯಲ್ಲಿ ಸೇರಿದ್ದನ್ನು ಅಳೆದೆ. ಹತ್ತಿರ ಹತ್ತಿರ ಅರ್ಧ ಲೋಟ. ದೀಪಾವಳಿಯಿಂದ ಜೂನ್‌ವರೆಗೆ ಸುಮಾರು ಮೂವತ್ತು ಸೋಮವಾರ. ಹದಿನೈದು ಲೋಟ ಆಸಿಡ್ ಚೆಲ್ಲಿ ಆ ಜಾಗಕ್ಕೆ ನೀರು ಸೇರಿದರೆ ಇನ್ನೂರ ನಲವತ್ತು ಎಲ್ಲಿಗೆ ಇಳಿಯುತ್ತದೆ ಅಂತ ಕಾಗದದ ಮೇಲೆ ಹಾಕಿ ನೋಡಿದೆ. ನೂರ ಎಪ್ಪತ್ತರ ಹತ್ತಿರಕ್ಕೇ ಬಂತು.

ಅಲ್ಲಿಗೆ ಮುಗಿಯಿತು. ಆದರೂ ಎಂಟು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಬೇಲಿ ಓಡುತ್ತಿದೆ, ಯಾರೂ ಕೇಳುತ್ತಿಲ್ಲ. ಈಗ ಬಾಯಿಬಿಟ್ಟರೆ ಹೋಗುವುದು ನನ್ನ ಹೆಸರು. ಮುರಿದ ಕಾಲಿನ ಮಾತೂ ಇತ್ತು. ಒಂಬತ್ತನೇ ದಿನ ಆ ಊರಿನ ಕಡೆಯ ಶುಂಠಿ ಮೇಸ್ತ್ರಿಯೊಬ್ಬ ಅಂಗಡಿಗೆ ಬಂದ. ಮಾತಿಗೆ ಮಾತು ಬಂದು, ಆ ಹೆಂಗಸನ್ನು ಈಗ ಯಾರೂ ಕೂಲಿಗೆ ಕರೆಯುವುದಿಲ್ಲ ಅಂದ. "ಕೈ ಸುದ್ದ ಇಲ್ಲ ಅಂತ ನೀವೇ ಯೋಳಿದ್ರಂತಲ್ಲ" ಅಂದ. ನಾನು ಹಾಗೆ ಹೇಳಿರಲಿಲ್ಲ. ಆದರೆ ಅದು ನಾನು ಹೇಳಿದ್ದೇ ಆಗಿತ್ತು. ಅವನು ಹೋದ ಮೇಲೆ ಅಂಗಡಿ ಬಾಗಿಲು ಎಳೆದು ಬೈಕ್ ಹತ್ತಿದೆ.

ಅವಳು ಮನೆ ಮುಂದೆ ಹುರುಳಿ ಕೇರುತ್ತಿದ್ದಳು. ಮೊರ ಇಳಿಸಲಿಲ್ಲ.

"ಏನ್ ಮೆಕ್ಯಾನಿಕ್ಕೋರೆ, ಈಗ್ಯಾಕ್ ಬಂದ್ರಿ? ಇನ್ನೇನ್ ಕಳದೋಯ್ತು?"

ಮೊದಲೆಲ್ಲ ಅಣ್ಣ ಅನ್ನುತ್ತಿದ್ದವಳು. ನಾನು ನಿಂತೇ ಎಲ್ಲ ಹೇಳಿದೆ. ಟೈಲರ್ ಅಂಗಡಿ, ತಟ್ಟೆಯ ಅರ್ಧ ಲೋಟ, ನಾನು ಹೇಳಿಕೊಟ್ಟ ತಪ್ಪು. ಅವಳು ಕೇರುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಇದರ ಹಿಂದೆ ಇನ್ನೇನಿದೆ ಅಂತ ಹುಡುಕುವ ನೋಟ.

"ಇದ್ನ ನಂಗ್ಯಾಕ್ ಯೋಳ್ತಾ ಇದೀರಿ? ನಾನ್ ಕದ್ದಿಲ್ಲ ಅಂತ ನಂಗ್ ಗೊತ್ತಿಲ್ವಾ? ಯೋಳ್ಬೇಕಾದೋರ್ಗೆ ಯೋಳೋಗಿ."

"ಹೇಳ್ತೀನಿ ಅಕ್ಕ. ಸಂಘದೋರ ಮುಂದೇನೇ ಹೇಳ್ತೀನಿ."

"ಬಾಯಲ್ ಯೋಳಿದ್ದು ಗಾಳಿಗೋಯ್ತದೆ. ಬರ್ದು ಸೈನ್ ಆಕ್ಕೊಡಿ."

ಒಳಗಿನಿಂದ ನೋಟ್‌ಬುಕ್ಕಿನ ಹಾಳೆ ಹರಿದು ತಂದಳು. ಬೈಕಿನ ಸೀಟಿನ ಮೇಲೆ ಇಟ್ಟುಕೊಂಡು ಬರೆದೆ. ತಪ್ಪು ತಿಳುವಳಿಕೆಯಿಂದ ಬ್ಯಾಟರಿಯ ಆಸಿಡ್ ಚೆಲ್ಲಿಹೋಗಿದೆ, ಯಾರೂ ಕದ್ದಿಲ್ಲ ಅಂತ. ಅವಳು ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ಓದಿದಳು.

"ಯಾರ್ ತಿಳುವಳಿಕೆ?"

ಹೊಡೆದುಹಾಕಿ, "ನಾನು ತಪ್ಪಾಗಿ ಹೇಳಿಕೊಟ್ಟಿದ್ದರಿಂದ" ಅಂತ ಬರೆದೆ. ಅವಳು ಮತ್ತೆ ಓದಿ, ನಾಲ್ಕು ಮಡಿಕೆ ಮಡಿಚಿ ಇಟ್ಟುಕೊಂಡಳು. ನೀರು ಬೇಕಾ ಅಂತ ಕೂಡ ಕೇಳಲಿಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಡೇರಿ ಜಗಲಿಯಲ್ಲಿ ಸಂಘದವರು ಸೇರಿದರು. ಖಾಲಿ ಮಾಡಿದ ಹಳೇ ಬ್ಯಾಟರಿ, ಚಾರ್ಜರ್, ಡಿಸ್ಟಿಲ್ಡ್ ವಾಟರ್, ಅಡುಗೆ ಸೋಡಾದ ಪೊಟ್ಟಣ ತಗೊಂಡು ಹೋಗಿದ್ದೆ. ಪಶ್ಚಿಮದ ಕೋಣೆಯಿಂದ ಆ ಸೀಲು ಒಡೆಯದ ಕ್ಯಾನನ್ನೂ ತರಿಸಿ ಇಟ್ಟೆ. ಎಲ್ಲರ ಎದುರಿಗೆ ಬಾಯಿಮಟ್ಟ ನೀರು ತುಂಬಿ ಚಾರ್ಜ್ ಹಾಕಿದೆ. ಮೊದಲ ಅರ್ಧ ಗಂಟೆ ಏನೂ ಆಗಲಿಲ್ಲ. ಜನ ಕಾಫಿ ಕುಡಿದರು, ಒಬ್ಬಿಬ್ಬರು ಎದ್ದು ಹೋದರು. ಅಧ್ಯಕ್ಷರು ನನ್ನ ಪಕ್ಕಕ್ಕೆ ಸರಿದು ದನಿ ಇಳಿಸಿ ಕೇಳಿದರು:

"ಅವ್ಳ ಕಡೆಯೋರು ಯಾರಾದ್ರೂ ಬಂದು ನಿನ್ನ ಹೆದರಿಸಿದ್ರೇನಪ್ಪ? ಆಗಿದ್ದು ಆಯ್ತು. ಈಗ್ಯಾಕ್ ಇದ್ನ ಕೆದಕ್ತೀಯ?"

"ಯಾರೂ ಬಂದಿಲ್ಲ ಅಧ್ಯಕ್ರೆ. ನೋಡಿ ನೀವೇ."

ಹನ್ನೆರಡೂವರೆಗೆ ಮೊದಲ ಗುಳ್ಳೆ ಬಂತು. ಒಂದು ಗಂಟೆಯ ಹೊತ್ತಿಗೆ ಆರೂ ಮುಚ್ಚಳದ ಸುತ್ತ ಒದ್ದೆ. ಬದಿಯಲ್ಲಿ ಇಳಿದದ್ದರ ಮೇಲೆ ಸೋಡಾ ಪುಡಿ ಉದುರಿಸಿದೆ. ಬುಸ್ಸೆಂದು ನೊರೆ ಎದ್ದಿತು. "ನೀರಾಗಿದ್ರೆ ನೊರೆ ಬರಲ್ಲ. ಇದು ಆಸಿಡ್. ಪ್ರತಿ ವಾರ ಹಿಂಗೇ ಹೋಗಿರೋದು" ಅಂದೆ.

"ನೀನೇ ಏನಾರ ಬೆರೆಸ್ಕೊಂಡ್ ಬಂದಿದ್ರೆ ನಮ್ಗೇನ್ ಗೊತ್ತು?" ಅಂದ ಒಬ್ಬ. ದಾಯಾದಿ ಹೌದು ಅನ್ನುವ ಹಾಗೆ ತಲೆ ಆಡಿಸಿದ.

ಕಾಲು ಮುರಿದುಕೊಂಡಿದ್ದ ರೈತರು ಊರುಗೋಲು ಗೋಡೆಗೆ ಒರಗಿಸಿ ಎಲ್ಲ ನೋಡುತ್ತಾ ಕೂತಿದ್ದರು. ಅವರು ನನ್ನನ್ನು ಕೇಳಿದರು:

"ಅಂಗಾದ್ರೆ ನನ್ ಕಾಲ್ ಮುರ್ದಿದ್ದು ಯಾರಿಂದ?"

ಈ ಪ್ರಶ್ನೆ ಬರುತ್ತದೆ ಅಂತ ದಾರಿಯುದ್ದಕ್ಕೂ ನನಗೆ ಗೊತ್ತಿತ್ತು. ಮೋಡ ಇತ್ತು, ಬಿಸಿಲು ಇರಲಿಲ್ಲ ಅಂತ ಹೇಳಬಹುದಿತ್ತು. ಅದು ಸುಳ್ಳೂ ಆಗಿರುತ್ತಿರಲಿಲ್ಲ. ಆದರೆ ಅದೇ ಮೋಡದಲ್ಲಿ ಪಶ್ಚಿಮದ ಬೇಲಿ ಓಡಿತ್ತು.

"ನಾನು ಹೇಳ್ಕೊಟ್ಟಿದ್ದರಿಂದ" ಅಂದೆ.

ಅವರು ಊರುಗೋಲು ಕೈಗೆ ತಗೊಂಡರು. ಬೈಯುತ್ತಾರೆ ಅಂದುಕೊಂಡೆ. ಅವರು ಧೂಳು ಹಿಡಿದ ಕ್ಯಾನನ್ನು ಊರುಗೋಲಿನಿಂದ ತೋರಿಸಿ, ಅಧ್ಯಕ್ಷರಿಗೆ ಹೇಳಿದರು:

"ಇವ್ನು ತಪ್ಪು ಯೋಳ್ದ. ಅವ್ಳು ಯೋಳ್ದಂಗ್ ಮಾಡಿದ್ಲು. ಸರಿಯಾಗ್ ಯೋಳ್ಕೊಟ್ರೆ ಸರಿಯಾಗ್ ಮಾಡ್ತಾಳೆ. ಕೀ ಅವ್ಳಿಗೇ ಕೊಡ್ರಿ. ನಿಮ್ ದಾಯಾದಿ ಬ್ಯಾಟ್ರಿ ಚೆನ್ನಾಗಿದ್ದದ್ದು ಅವ್ನು ಅದ್ರ ಕಡೆ ತಿರುಗೂ ನೋಡ್ದೆ ಇದ್ದುದ್ಕೆ. ಇನ್ನೊಂದ್ ವರ್ಸ ಇಂಗೇ ಬುಟ್ಟಿದ್ರೆ ಅದೂ ಒಣಗೋಗದು."

ಅಧ್ಯಕ್ಷರು ಒಪ್ಪಿದರು ಅನ್ನಲಾರೆ. ಎದುರು ಮಾತಾಡಲಿಲ್ಲ ಅಷ್ಟೆ. ಬಂದು ಪೂರ್ವದ ಕೀ ತಗೊಂಡು ಹೋಗಲಿ ಅಂತ ಅವಳ ಮನೆಗೆ ಹೇಳಿಕಳಿಸಿದರು. ಅವಳು ಬರಲಿಲ್ಲ. ಕಟ್ಟೆ ಮೇಲೆ ಎಲ್ಲರ ಎದುರಿಗೆ ಇಟ್ಟು ಬಂದದ್ದನ್ನು ಹೇಳಿಕಳಿಸಿದರೆ ತಗೊಳ್ಳಲ್ಲ ಅಂದಳಂತೆ. ನಾಲ್ಕು ದಿನ ಬಿಟ್ಟು ಅಧ್ಯಕ್ಷರೇ ಅವಳ ಮನೆ ಬಾಗಿಲಿಗೆ ಹೋಗಿ ಕೊಟ್ಟರು ಅಂತ ಆಮೇಲೆ ಗೊತ್ತಾಯಿತು.

ನನ್ನನ್ನು ಆ ಊರಿನವರು ಬಿಡಲಿಲ್ಲ, ಅಷ್ಟು ದೂರ ಬರುವ ಬೇರೆ ಮೆಕ್ಯಾನಿಕ್ ಇಲ್ಲ. ಆದರೆ ಈಗ ನಾನು ಕೋಣೆ ಒಳಗೆ ಹೋದರೆ ಸಂಘದವರು ಯಾರಾದರೊಬ್ಬರು ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿರುತ್ತಾರೆ. ಚೀಲ ಮುಚ್ಚುವ ಮೊದಲು ಒಳಗೇನಿದೆ ಅಂತ ಒಮ್ಮೆ ಇಣುಕುತ್ತಾರೆ. ಮೊದಲ ಸಲ ಕೋಪ ಬಂತು. ಆಮೇಲೆ ಚೀಲವನ್ನು ತೆರೆದೇ ಇಡಲು ಶುರುಮಾಡಿದೆ.

ಆ ತಿಂಗಳೆಲ್ಲ ನಾನು ಹಳೇ ಗಿರಾಕಿಗಳ ಮನೆ ಮನೆ ಸುತ್ತಿದೆ. ಕೆ.ಆರ್. ನಗರದವರೆಗೂ ಹೋದೆ. ಬೆಳಿಗ್ಗೆ ನೀರು ಹಾಕಬೇಡಿ ಅಂತ ಹೇಳಿದರೆ ಕೆಲವರು ನಕ್ಕರು. ಇಷ್ಟು ವರ್ಷ ನಾವು ನೀರೇ ಹಾಕಿಲ್ಲವಲ್ಲ ಅಂದರು. ಕೆಲವರು ಬ್ಯಾಟರಿ ಮಾರಲು ಬಂದಿದ್ದಾನೆ ಅಂದುಕೊಂಡು ಗೇಟು ತೆಗೆಯಲಿಲ್ಲ. ಅವಳ ಹಾಗೆ ಮಾಡಿದ್ದವರು ಇನ್ನೂ ಮೂವರು ಸಿಕ್ಕಿದರು. ಮೂವರ ಬ್ಯಾಟರಿಯೂ ತೆಳ್ಳಗಾಗಿತ್ತು.

ಅವಳು ಕೀ ತಗೊಂಡ ಮೇಲಿನ ಮೊದಲ ಸೋಮವಾರ, ಮಧ್ಯಾಹ್ನ ಮೂರು ಗಂಟೆಗೆ ಫೋನ್ ಬಂತು. ಹಿಂದೆ ಮಷೀನು ಟಿಕ್ ಟಿಕ್ ಅನ್ನುವುದು ಕೇಳಿಸುತ್ತಿತ್ತು.

"ಮೆಕ್ಯಾನಿಕ್ಕೋರೆ, ಚಾರ್ಜಿನ್ ಡಬ್ಬದ್ ಮೇಲೆ ಹಸ್ರು ಲೈಟು ಬಂದದೆ, ಚಾರ್ಜ್ ಫುಲ್ ಆಯ್ತು. ಮುಚ್ಚಳ ತೆಗ್ದಿವ್ನಿ. ಈಗ ನೀರ್ ಆಕ್ಲಾ ಬ್ಯಾಡ್ವಾ?"

"ಪ್ಲೇಟು ಮುಳುಗಿದೆಯಾ ಅಕ್ಕ?"

"ಮುಳ್ಗದೆ. ಮ್ಯಾಲೆ ಒಂದ್ ಬೆಳ್ಳಷ್ಟು ನೀರು ನಿಂತದೆ."

"ಹಾಗಾದ್ರೆ ಕುತ್ತಿಗೆಯಿಂದ ಒಂದು ಬೆರಳು ಕೆಳಗಿರೋ ಹಾಗೆ ಹಾಕಿ. ಫುಲ್ ಮಾಡ್ಬೇಡಿ."

ಆ ಕಡೆ ಫೋನಿನ ಮೇಲೆ ಬೆರಳು ತಡಕಾಡುವ ಸದ್ದು ಕೇಳಿಸಿತು.

"ತಡೀರಿ. ರೆಕಾರ್ಡ್ ಒತ್ತಿರ್ಲಿಲ್ಲ. ಈಗ ಒತ್ತಿದೀನಿ. ನೀವ್ಯಾರು ಅಂತ ಯೋಳಿ, ಇವತ್ತು ಯಾವ ವಾರ ಅಂತ ಯೋಳಿ, ಆಮೇಲೆ ಅದ್ನ ಮೊದ್ಲಿಂದ ಯೋಳಿ."

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ನಾನು ನನ್ನ ಹೆಸರು ಹೇಳಿದೆ, ಸೋಮವಾರ ಅಂದೆ, ಆಮೇಲೆ ಒಂದೊಂದೇ ಮಾತನ್ನು ಬಿಡಿಸಿ, ನಿಧಾನವಾಗಿ, ಮೊದಲಿಂದ ಹೇಳಿದೆ.